ಕುರಿಯನ್ನು ಕೇಳಿಯೇ ಮಸಾಲೆ

"ಕುರಿ ಕೇಳಿ ಮಸಾಲೆ ಅರೀತಾರೇನಲೇ?"

ನಮ್ಮ ಮಲಪನಗುಡಿಯ ಚಾದಂಗಡಿ ಕಟ್ಟೆಯ ಮೇಲೆ ದಿನಕ್ಕೆ ನಾಲ್ಕು ಸಲವಾದರೂ ಈ ಮಾತು ಬೀಳುತ್ತದೆ. ಕಾಲುವೆಗೆ ನೀರು ನಿಲ್ಲಿಸಿದಾಗ ಬೀಳುತ್ತದೆ. ರಸ್ತೆ ಅಗಲ ಮಾಡಲು ಟೇಪು ಹಿಡಿದವರು ಬಂದಾಗ ಬೀಳುತ್ತದೆ. ನಮ್ಮನ್ನು ಯಾರೂ ಕೇಳುವುದಿಲ್ಲ ಅನ್ನುವುದು ನಮಗೆ ಗೊತ್ತು. ಕುರಿಗೂ ಗೊತ್ತು.

ಆದರೆ ಕುರಿಯನ್ನು ಕೇಳಿಯೇ ಮಸಾಲೆ ಅರೆಯಬೇಕು ಎಂದು ಕಾನೂನು ಮಾಡಿಕೊಂಡ ರಾಜ್ಯವೂ ಒಂದಿದೆ. ಅದು ನಮ್ಮದೇ. ಕಾನೂನಿನ ಹೆಸರು ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984.

ಅದರ ಮೂರನೇ ಕಲಮು ಓದಿ. ಮುಖ್ಯಮಂತ್ರಿಯಿಂದ ಹಿಡಿದು ಹಳ್ಳಿಯ ಲೆಕ್ಕಿಗನವರೆಗೆ ಯಾರು ತಿಂದರೂ ಹಿಡಿಯಬೇಕಾದ ಜಡ್ಜು ಯಾರಾಗಬೇಕು ಎಂದು ರಾಜ್ಯಪಾಲರಿಗೆ ಸಲಹೆ ಕೊಡುವವರು ಮುಖ್ಯಮಂತ್ರಿ. ಕೊಡುವ ಮೊದಲು ಅವರು ಐದು ಜನರ ಜೊತೆ ಸಮಾಲೋಚನೆ ಮಾಡಬೇಕು. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಪರಿಷತ್ತಿನ ಸಭಾಪತಿ, ವಿಧಾನಸಭೆಯ ಸ್ಪೀಕರ್, ಎರಡೂ ಸದನದ ವಿರೋಧ ಪಕ್ಷದ ನಾಯಕರು. ಮುಖ್ಯಮಂತ್ರಿ ಸೇರಿ ಆರು ಜನ. ಐವರು ರಾಜಕಾರಣಿಗಳು. ಒಬ್ಬರು ಜಡ್ಜು.

2012ರ ಜನವರಿಯಲ್ಲಿ ನಮ್ಮ ಸರ್ಕಾರ ಮರೆತದ್ದು ಆ ಒಬ್ಬರನ್ನೇ.

ಇದು ಬೆಂಗಳೂರಿನ ಜಗಳ, ಹಂಪಿ ರಸ್ತೆಯ ಹಳ್ಳಿಯವನಿಗೆ ಏನು ಉಸಾಬರಿ ಎನ್ನುತ್ತೀರಾ? ಸ್ವಲ್ಪ ಹಿಂದಕ್ಕೆ ಹೋಗಿ. ಅದಿರಿನ ಆ ದಿನಗಳಲ್ಲಿ ಸಂಡೂರು ದಾರಿಯ ಊರುಗಳಲ್ಲಿ ಬೆಳಿಗ್ಗೆ ಒಣಗಲು ಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತು. ಸನ್ಯಾಸ ತಗೊಳ್ಳದೆ ಕಾವಿ ಉಟ್ಟ ಜಿಲ್ಲೆ ನಮ್ಮದು. ಜೋಳದ ದಂಟು ಕೆಂಪು. ಎತ್ತಿನ ಕೊಂಬು ಕೆಂಪು. ಮಕ್ಕಳ ಉಗುಳು ಕೆಂಪು. ರಾತ್ರಿ ಹೊರಟ ಲಾರಿಗಳ ಸಾಲು ಬೆಳಗಾದರೂ ಮುಗಿಯುತ್ತಿರಲಿಲ್ಲ. ಕೆಲವರ ಮನೆಗಳಿಗೆ ಮಹಡಿ ಬಂತು, ಮಹಡಿಯ ಮೇಲೆ ಇನ್ನೊಂದು ಮಹಡಿ ಬಂತು. ನಮಗೆ ಕೆಮ್ಮು ಬಂತು.

ಆ ಲಾರಿಗಳ ಲೆಕ್ಕ ಕೇಳಿದವರು ಯಾರು? ನಾವು ಆರಿಸಿ ಕಳಿಸಿದ ಶಾಸಕರಲ್ಲ. ಅವರಲ್ಲಿ ಕೆಲವರಿಗೆ ಲಾರಿಗಳೇ ಇದ್ದವು. ಲೆಕ್ಕ ಕೇಳಿದ್ದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ. 2008ರ ಡಿಸೆಂಬರ್‌ನಲ್ಲಿ ಮೊದಲ ವರದಿ. ಅದು ಕಪಾಟು ಸೇರಿತು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರೇ ಕಳುವಾಯಿತು. ಲಕ್ಷಗಟ್ಟಲೆ ಟನ್. ಜೇಬುಗಳ್ಳತನ ಕೇಳಿದ್ದೀರಿ, ಬೆಟ್ಟಗಳ್ಳತನ ಕೇಳಿದ್ದೀರಾ? ಜಪ್ತಿ ಮಾಡಿದ ಅಧಿಕಾರಿಯನ್ನೇ ಅಮಾನತು ಮಾಡಲು ಹೊರಟರು. ಹೆಗ್ಡೆಯವರು ರಾಜೀನಾಮೆ ಬಿಸಾಕಿದರು. ಅಡ್ವಾಣಿಯವರ ಮಾತಿಗೆ ವಾಪಸ್ ತೆಗೆದುಕೊಂಡರು.

2011ರ ಜುಲೈ 27ರಂದು ಎರಡನೇ ವರದಿ. ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದಿತು. ಎರಡು ದಿನಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ನಾಲ್ಕನೇ ದಿನ ಮುಖ್ಯಮಂತ್ರಿ ಯಡಿಯೂರಪ್ಪ ಕುರ್ಚಿ ಬಿಟ್ಟರು. ಒಬ್ಬ ಜಡ್ಜು ತನ್ನ ಕೆಲಸ ತಾನು ಮಾಡಿದರೆ ಏನಾಗುತ್ತದೆ ಎಂದು ಇಡೀ ರಾಜ್ಯ ನೋಡಿತು. ವಿಧಾನಸೌಧ ಇನ್ನೂ ಗಮನವಿಟ್ಟು ನೋಡಿತು.

ಮತ್ತೊಮ್ಮೆ ನೋಡುವ ಆಸೆ ಅದಕ್ಕಿರಲಿಲ್ಲ.

ಆಗಸ್ಟ್‌ನಲ್ಲಿ ಹೆಗ್ಡೆಯವರ ಅವಧಿ ಮುಗಿಯಿತು. ಶಿವರಾಜ ಪಾಟೀಲರು ಬಂದರು. ಒಂದೂವರೆ ತಿಂಗಳು. ಕುಟುಂಬಕ್ಕೆ ಸಿಕ್ಕ ನಿವೇಶನದ ಗಲಾಟೆ ಎದ್ದು, ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟು ಹೋದರು. ಆಮೇಲೆ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಬನ್ನೂರಮಠ ಅವರ ಹೆಸರು ಹಿಡಿದುಕೊಂಡಿತು. ಅಲ್ಲೂ ನಿವೇಶನದ ತಕರಾರು. ರಾಜ್ಯಪಾಲ ಹಂಸರಾಜ ಭಾರದ್ವಾಜರು ಬೇಡ ಎಂದರು. ಸರ್ಕಾರ ಬೇಕು ಎಂದಿತು. ಬೇಡ. ಬೇಕು. ತಿಂಗಳುಗಟ್ಟಲೆ ಇದೇ. ನಡುವೆ ಕುರ್ಚಿಗೆ ಧೂಳು.

ರಾಜ್ಯದಲ್ಲಿ ಇಷ್ಟೊಂದು ನಿವೃತ್ತ ನ್ಯಾಯಮೂರ್ತಿಗಳು. ಹುಡುಕಿ ಹುಡುಕಿ ನಿವೇಶನದ ತಕರಾರು ಇದ್ದವರೇ ಸಿಕ್ಕುತ್ತಿದ್ದರು. ಇದು ದುರದೃಷ್ಟವೋ, ಅದೃಷ್ಟವೋ? ಯಾರದು ಎಂಬುದರ ಮೇಲೆ ಹೋಗುತ್ತದೆ.

ಈಗ ಉಪಲೋಕಾಯುಕ್ತರ ಕಥೆಗೆ ಬನ್ನಿ, ಅವರ ನೇಮಕಕ್ಕೂ ಅದೇ ಮೂರನೇ ಕಲಮು. ಇದನ್ನು ನಿಧಾನವಾಗಿ ಸವಿಯಬೇಕು.

ಆಗ ಮುಖ್ಯಮಂತ್ರಿ ಸದಾನಂದ ಗೌಡರು. ನಗುಮುಖದವರು. ಯಾರಾದರೂ ಒಳ್ಳೆಯವರ ಹೆಸರಿದ್ದರೆ ತಿಳಿಸಿ ಎಂದು ಎಲ್ಲರಿಗೂ ಪತ್ರ ಹೋಯಿತು. ಮುಖ್ಯ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಒಂದು ಹೆಸರು ಬರೆದು ಕಳಿಸಿದರು. ಸದನದ ಕಡೆಯವರು ಬೇರೆ ಹೆಸರು ಬರೆದರು. ಬಂದ ಪತ್ರಗಳನ್ನೆಲ್ಲ ಮುಂದಿಟ್ಟುಕೊಂಡು ಮುಖ್ಯಮಂತ್ರಿಗಳು ನ್ಯಾಯಮೂರ್ತಿ ಚಂದ್ರಶೇಖರಯ್ಯ ಅವರ ಹೆಸರು ಆರಿಸಿದರು. ರಾಜ್ಯಪಾಲರು ಸಹಿ ಹಾಕಿದರು. ಪ್ರಮಾಣವಚನವೂ ಆಯಿತು.

ಮುಖ್ಯ ನ್ಯಾಯಮೂರ್ತಿಗಳಿಗೆ ಈ ಹೆಸರು ಗೊತ್ತಾದದ್ದು ಆಮೇಲೆ. ಫೆಬ್ರವರಿಯಲ್ಲಿ ಅವರು ಪತ್ರ ಬರೆದರು. ನನ್ನ ಜೊತೆ ಸಮಾಲೋಚನೆಯೇ ಆಗಿಲ್ಲ ಎಂಬುದು ಅದರ ತಾತ್ಪರ್ಯ.

ನಮ್ಮಲ್ಲಿ ಮಗನಿಗೆ ಹೆಣ್ಣು ನೋಡುವಾಗ ಸೋದರಮಾವನನ್ನು ಕೇಳುವ ಪದ್ಧತಿ ಇದೆ. "ಮಾವ, ನಿನಗೆ ಗೊತ್ತಿರೋ ಹುಡುಗಿ ಯಾರರ ಇದ್ರೆ ಹೇಳು" ಅನ್ನುತ್ತೇವೆ. ಮಾವ ಕಂಪ್ಲಿ ಕಡೆಯ ಒಂದು ಹುಡುಗಿ ಹೇಳುತ್ತಾನೆ. ನಾವು ಕೊಪ್ಪಳದ ಹುಡುಗಿಗೆ ತಾಳಿ ಕಟ್ಟಿಸಿ, ಮಾವನಿಗೆ ಊಟದ ದಿನ ಕರೆ ಕಳಿಸುತ್ತೇವೆ. ಮಾವ ಸಿಟ್ಟಾದರೆ, "ಅಲ್ಲೋ, ನಿನ್ನ ಕೇಳೇ ಇದ್ವಲ್ಲ?" ಅನ್ನುತ್ತೇವೆ. ಇಂಥ ಮನೆಯವರನ್ನು ಊರಲ್ಲಿ ಏನಂತ ಕರೆಯುತ್ತಾರೆ ಎಂದು ಇಲ್ಲಿ ಬರೆಯುವ ಹಾಗಿಲ್ಲ. ಬೆಂಗಳೂರಿನಲ್ಲಿ ಅದನ್ನು ಸಮಾಲೋಚನೆ ಎಂದು ಕರೆದರು.

ಜನೇಕೆರೆ ಸಿ. ಕೃಷ್ಣ ಎಂಬ ವಕೀಲರು ಹೈಕೋರ್ಟಿಗೆ ಹೋದರು. 2012ರ ಏಪ್ರಿಲ್‌ನಲ್ಲಿ ಹೈಕೋರ್ಟು ನೇಮಕವನ್ನು ರದ್ದು ಮಾಡಿತು. ಮುಖ್ಯ ನ್ಯಾಯಮೂರ್ತಿಯ ಮಾತಿಗೇ ಹೆಚ್ಚಿನ ತೂಕ ಎಂದೂ ಹೇಳಿತು. ವ್ಯಾಜ್ಯ ದೆಹಲಿಗೆ ಏರಿತು.

ಅಲ್ಲಿ ತಕರಾರು ಆ ನ್ಯಾಯಮೂರ್ತಿಗಳ ಯೋಗ್ಯತೆಯ ಮೇಲೆ ಇರಲಿಲ್ಲ, ಇದನ್ನು ನೆನಪಿಡಿ. ತಕರಾರು ಒಂದು ಪದದ ಮೇಲೆ. ಸಮಾಲೋಚನೆ ಅಂದರೇನು? ಇಡೀ ವರ್ಷ ಅದೇ ಪದ. ದೇಶದ ದೊಡ್ಡ ದೊಡ್ಡ ಕರಿಕೋಟುಗಳು ಆ ಪದವನ್ನು ಹಿಂಡಿದವು, ಹಿಗ್ಗಿಸಿದವು, ಬಿಸಿಲಿಗೆ ಹಿಡಿದು ನೋಡಿದವು.

ಅದೇ 2012ರ ಮುಂಗಾರಿನಲ್ಲಿ ನಾನು ನಮ್ಮ ದೊಡ್ಡಪ್ಪನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ, ಎಲ್ಲದರಲ್ಲೂ ಅದೇ ಬೆಂಚು, ಅದೇ ಫ್ಯಾನು. ಪಹಣಿಯಲ್ಲಿ ದೊಡ್ಡಪ್ಪನ ಹೆಸರಿಗೆ ಒಂದು ಕೊಂಬು ಜಾಸ್ತಿ ಬಿದ್ದಿತ್ತು. ಅದನ್ನು ತೆಗೆಸಬೇಕಿತ್ತು. ನಾಲ್ಕನೇ ಸಲ ಹೋಗಿದ್ದೆವು. ಗುಮಾಸ್ತ ಫೈಲಿನ ದಾರ ಬಿಚ್ಚಲೇ ಇಲ್ಲ. ಬಿಚ್ಚುವುದಕ್ಕೆ ರೇಟು ಇತ್ತು.

ದೊಡ್ಡಪ್ಪನಿಗೆ ರೇಗಿತು. "ಲೋಕಾಯುಕ್ತಕ್ಕ ಬರೀತೀನಿ ನೋಡ್ರಿ ಸಾಹೇಬ್ರ."

ಗುಮಾಸ್ತ ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಂಡ. ಸಿಟ್ಟಾಗಲಿಲ್ಲ, ಪಾಪ. "ಬರೀರಿ ಯಜಮಾನ್ರ. ಯಾರ ಹೆಸರಿಗೆ ಬರೀತೀರಿ? ಕುರ್ಚ್ಯಾಗ ಯಾರೂ ಇಲ್ಲಲ್ರೀ. ಕುರ್ಚಿಗೇ ಬರೀತೀರೇನು?"

"ಉಪಲೋಕಾಯುಕ್ತರು ಅದಾರಲ್ಲ" ಎಂದೆ ನಾನು, ದಿನಾ ಪೇಪರ್ ಓದುವವನ ಜಂಬದಲ್ಲಿ.

"ಅವರನ್ನೂ ಹೈಕೋರ್ಟು ತೆಗದೈತಿ. ನೀವು ಪೇಪರ್ ಓದೂದಿಲ್ಲೇನ್ರೀ ಸಾರ್?"

ನನಗಿಂತ ಅವನೇ ಚೆನ್ನಾಗಿ ಓದಿದ್ದ. ಅವನಿಗೆ ಅದು ಸುದ್ದಿಯಲ್ಲ, ಹವಾಮಾನ ವರದಿ. ಮಳೆ ಇಲ್ಲದ ದಿನ ಕಾಳು ಒಣಗಿಸಬೇಕು, ಲೋಕಾಯುಕ್ತರಿಲ್ಲದ ದಿನ ರೇಟು ಏರಿಸಬೇಕು. ದೊಡ್ಡಪ್ಪ ಬನಿಯನ್ನಿನ ಒಳಜೇಬಿಗೆ ಕೈ ಹಾಕಿದರು. ಐನೂರು ರೂಪಾಯಿ. ಹಸಿ ನೋಟು, ಬೆವರಿಗೆ ಮೆತ್ತಗಾಗಿತ್ತು. ದಾರ ಬಿಚ್ಚಿತು, ಕೊಂಬು ಹೋಯಿತು.

ಸಮಾಲೋಚನೆ ಎಂಬ ಪದದ ಅರ್ಥ ಸುಪ್ರೀಂ ಕೋರ್ಟಿಗಿಂತ ಆರು ತಿಂಗಳು ಮೊದಲೇ ನಮ್ಮ ದೊಡ್ಡಪ್ಪನಿಗೆ ಗೊತ್ತಾಗಿತ್ತು.

ಸುಪ್ರೀಂ ಕೋರ್ಟು 2013ರ ಜನವರಿ 11ರಂದು ಹೇಳಿತು. ನ್ಯಾಯಮೂರ್ತಿ ರಾಧಾಕೃಷ್ಣನ್, ನ್ಯಾಯಮೂರ್ತಿ ಮದನ್ ಲೋಕೂರ್ ಅವರ ಪೀಠ. ಮುಖ್ಯ ನ್ಯಾಯಮೂರ್ತಿಯ ಜೊತೆ ಸಮಾಲೋಚನೆ ಕಡ್ಡಾಯ, ಅದು ನಡೆದಿಲ್ಲ, ಆದ್ದರಿಂದ ನೇಮಕ ನಿಲ್ಲುವುದಿಲ್ಲ. ಇಲ್ಲಿಯವರೆಗೆ ಚಪ್ಪಾಳೆ. ಮುಂದಿನ ಮಾತು ಕೇಳಿ. ಮುಖ್ಯ ನ್ಯಾಯಮೂರ್ತಿಯ ಅಭಿಪ್ರಾಯವನ್ನು ಪರಿಗಣಿಸಬೇಕು, ಆದರೆ ಅದೇ ಮೇಲಲ್ಲ. ಕೊನೆಯ ಸಲಹೆ ಮುಖ್ಯಮಂತ್ರಿಯದೇ.

ಕನ್ನಡದಲ್ಲಿ 'ಕೇಳು' ಎಂಬ ಪದಕ್ಕೆ ಎರಡು ಅರ್ಥ. ಒಬ್ಬರನ್ನು ಕೇಳುವುದು ಒಂದು. ಅವರು ಹೇಳಿದ್ದನ್ನು ಕೇಳುವುದು ಇನ್ನೊಂದು. ಮೊದಲನೆಯದು ಕಡ್ಡಾಯ, ಎರಡನೆಯದು ಮುಖ್ಯಮಂತ್ರಿಗಳ ಇಷ್ಟ. ನಾನು ಕಾನೂನು ಓದಿದವನಲ್ಲ. ಕಾಯ್ದೆಯಲ್ಲಿ ಇದ್ದದ್ದನ್ನೇ ಕೋರ್ಟು ಹೇಳಿರಬಹುದು. ಹಾಗಿದ್ದರೆ ಬಯ್ಗುಳ ಕಾಯ್ದೆ ಬರೆದವರಿಗೆ ಸೇರಲಿ.

ಬರೆದವರು ಯಾರು? ಭ್ರಷ್ಟಾಚಾರ ಅಳಿಸುತ್ತೇವೆ ಎಂದು 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರ. ಉದ್ದೇಶ ಒಳ್ಳೆಯದೇ ಇತ್ತು. ಆದರೆ ನಾಯಿ ಸಾಕುವಾಗ ಸರಪಳಿಯನ್ನು ಯಾರ ಕೈಗೆ ಕೊಡಬೇಕು ಎಂಬಲ್ಲಿ ಎಚ್ಚರ ತಪ್ಪಿದರು. ಅಥವಾ ಪೂರ್ತಿ ಎಚ್ಚರವಾಗಿಯೇ ಇದ್ದರು.

ಇದು ಬಿಜೆಪಿಯವರ ಪಾಪ ಎಂದು ಕಾಂಗ್ರೆಸ್ಸಿನವರು ಈಗ ತಲೆಯಾಡಿಸುತ್ತಿರಬಹುದು. ಸ್ವಲ್ಪ ತಾಳಿ ಸ್ವಾಮಿ, ನಿಮ್ಮ ಎಲೆಗೂ ಬಡಿಸುವುದಿದೆ.

2010ರಲ್ಲಿ ಸಿದ್ದರಾಮಯ್ಯನವರು ಬೆಂಗಳೂರಿನಿಂದ ಬಳ್ಳಾರಿಗೆ ನಡೆದೇ ಬಂದರು. 320 ಕಿಲೋಮೀಟರ್. ಕಾಲಿಗೆ ಬೊಬ್ಬೆ, ಕೊರಳಿಗೆ ಹಾರ. ಲೋಕಾಯುಕ್ತ ವರದಿ ಜಾರಿಯಾಗಲಿ ಎಂದು ಗಂಟಲು ಹರಿಯುವಂತೆ ಕೂಗಿದರು. ನಮ್ಮ ಹುಡುಗರೂ ಲಾರಿ ಹತ್ತಿ ಬಳ್ಳಾರಿ ಸಭೆಗೆ ಹೋಗಿ ಕೂಗಿ ಬಂದರು. ಆ ಲಾರಿ ಮೊನ್ನೆಯವರೆಗೆ ಅದಿರು ಹೊತ್ತದ್ದೇ ಇರಬೇಕು, ಚಡ್ಡಿ ಹಿಂದೆಲ್ಲ ಕೆಂಪಾಗಿತ್ತು. 2013ರಲ್ಲಿ ಅವರೇ ಮುಖ್ಯಮಂತ್ರಿ.

2016ರ ಮಾರ್ಚ್‌ನಲ್ಲಿ ಅವರ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿ ಹುಟ್ಟು ಹಾಕಿತು. ಲೋಕಾಯುಕ್ತ ಪೊಲೀಸರ ಕೈಯಿಂದ ಲಂಚದ ಕೇಸುಗಳನ್ನು ಕಿತ್ತು ಅದಕ್ಕೆ ಕೊಟ್ಟಿತು. ಲೋಕಾಯುಕ್ತರಿಗೆ ಉಳಿದದ್ದು ಕುರ್ಚಿ, ಕಾರು, ಲೆಟರ್‌ಹೆಡ್ಡು. ಎಸಿಬಿ ಯಾರ ಕೈಕೆಳಗೆ? ಸರ್ಕಾರದ ಕೈಕೆಳಗೆ. ನಡೆದು ಬಂದ ಕಾಲಿನ ಬೊಬ್ಬೆ ಆಗಲೇ ವಾಸಿಯಾಗಿತ್ತು.

ನೆಪ ಇರಲಿಲ್ಲವೇ? ಇತ್ತು. ಒಳ್ಳೆಯ ನೆಪವೇ ಇತ್ತು. 2013ರ ಫೆಬ್ರವರಿಯಲ್ಲಿ ಬಂದ ಲೋಕಾಯುಕ್ತ ಭಾಸ್ಕರ ರಾವ್ ಅವರ ಕಾಲದಲ್ಲಿ, ಲೋಕಾಯುಕ್ತದ ಹೆಸರು ಹೇಳಿಯೇ ಅಧಿಕಾರಿಗಳಿಂದ ಹಣ ಕೀಳುವ ಜಾಲದ ಆರೋಪ ಎದ್ದಿತು. 2015ರಲ್ಲಿ ಅವರ ಮಗನ ಬಂಧನವಾಯಿತು. ಡಿಸೆಂಬರ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಮನೆಗೆ ಇಲಿ ಬಂತೆಂದು ಬೆಕ್ಕು ತಂದೆವು, ಬೆಕ್ಕಿನ ಬುಟ್ಟಿಯಲ್ಲೇ ಬೆಣ್ಣೆ ಸಿಕ್ಕಿತು. ಅದಕ್ಕೆ ಸರ್ಕಾರ ಮಾಡಿದ ಉಪಾಯ ಬೇರೆ ಬೆಕ್ಕು ತರುವುದಲ್ಲ. ಇಲಿಗಳದೇ ಒಂದು ಸಮಿತಿ ಮಾಡುವುದು.

ಆಮೇಲೆ ಲೋಕಾಯುಕ್ತರ ಕುರ್ಚಿ ಮತ್ತೆ ಖಾಲಿ. ಈ ಸಲ ಪಾತ್ರಗಳು ಅದಲುಬದಲು. ಕಾಂಗ್ರೆಸ್ ಸರ್ಕಾರ ಎಸ್.ಆರ್. ನಾಯಕ್ ಅವರ ಹೆಸರು ಕಳಿಸಿತು, ಕೇಂದ್ರದ ಬಿಜೆಪಿ ಸರ್ಕಾರದ ಕಾಲದಲ್ಲಿ ಬಂದ ರಾಜ್ಯಪಾಲ ವಜುಭಾಯಿ ವಾಲಾ ವಾಪಸ್ ಕಳಿಸಿದರು. ಬೇಕು. ಬೇಡ. ಸಂಭಾಷಣೆ ಹಳೆಯದು, ನಟರು ಮಾತ್ರ ಹೊಸಬರು. ಕೊನೆಗೆ 2017ರ ಜನವರಿಯಲ್ಲಿ ವಿಶ್ವನಾಥ ಶೆಟ್ಟರು ಬಂದು ಕೂತರು. ಮರುವರ್ಷ ಮಾರ್ಚ್‌ನಲ್ಲಿ ಅವರ ಕಚೇರಿಯೊಳಗೇ ಒಬ್ಬ ನುಗ್ಗಿ ಚೂರಿ ಹಾಕಿದ. ಪುಣ್ಯಕ್ಕೆ ಬದುಕಿದರು.

ಎಸಿಬಿ ಮುಚ್ಚಿ, ಲೋಕಾಯುಕ್ತಕ್ಕೆ ಹಲ್ಲು ಕೊಡಿ ಎಂದು ಆಗ ಎದೆ ಬಡಿದುಕೊಂಡವರು ಬಿಜೆಪಿಯವರು. ಹೌದು, 2012ರಲ್ಲಿ ಮುಖ್ಯ ನ್ಯಾಯಮೂರ್ತಿಯನ್ನು ಕೇಳಲು ಮರೆತಿದ್ದ ಅದೇ ಬಿಜೆಪಿ. ಕುಮಾರಸ್ವಾಮಿ ಬಂದರು. ಎಸಿಬಿ ಇತ್ತು. ಯಡಿಯೂರಪ್ಪ ಬಂದರು. ಎಸಿಬಿ ಇತ್ತು. ಬೊಮ್ಮಾಯಿ ಬಂದರು. ಇತ್ತು. ವಿರೋಧ ಪಕ್ಷದಲ್ಲಿ ಕೂತಾಗ ಹಾವು, ಅಧಿಕಾರಕ್ಕೆ ಬಂದಾಗ ಹಗ್ಗ. ಕೊನೆಗೆ ಮುಚ್ಚಿದ್ದು ಯಾವ ಪಕ್ಷವೂ ಅಲ್ಲ, ಹೈಕೋರ್ಟು. 2022ರ ಆಗಸ್ಟ್ 11. ಅದಕ್ಕೆ ಮುಂಚೆ ಎಸಿಬಿಯನ್ನು ತರಾಟೆಗೆ ತೆಗೆದುಕೊಂಡ ನ್ಯಾಯಮೂರ್ತಿ ಎಚ್.ಪಿ. ಸಂದೇಶ್, ತಮಗೆ ವರ್ಗಾವಣೆಯ ಬೆದರಿಕೆ ಬಂದಿದೆ ಎಂದು ತೆರೆದ ಕೋರ್ಟಿನಲ್ಲೇ ಹೇಳಿದರು. ಹೈಕೋರ್ಟಿನ ಜಡ್ಜಿಗೆ ಈ ಗತಿ. ನಮ್ಮ ದೊಡ್ಡಪ್ಪ ಯಾವ ಲೆಕ್ಕ?

ನಮ್ಮ ಹೊಸಪೇಟೆಯನ್ನೂ ಬಿಡುವುದು ಬೇಡ. 2020ರ ಫೆಬ್ರವರಿಯಲ್ಲಿ ನಮ್ಮ ಶಾಸಕ ಆನಂದ್ ಸಿಂಗ್ ಮಂತ್ರಿಯಾದರು. ಸಿಕ್ಕ ಖಾತೆ ಅರಣ್ಯ. ಅರಣ್ಯ ಕಾಯ್ದೆಯಡಿ ಪ್ರಕರಣಗಳಿದ್ದದ್ದು ಅವರ ಮೇಲೆಯೇ. ಪ್ರಕರಣ ಇದ್ದ ಮಾತ್ರಕ್ಕೆ ಯಾರೂ ಅಪರಾಧಿಯಲ್ಲ, ಒಪ್ಪೋಣ. ಆದರೆ ಒಂದು ಸಚಿವ ಸಂಪುಟದಲ್ಲಿ ಅಷ್ಟೊಂದು ಖಾತೆ ಇರುವಾಗ, ಬೆರಳಿಟ್ಟು ಹುಡುಕಿ ಅದನ್ನೇ ಕೊಟ್ಟವರ ಸೂಕ್ಷ್ಮಬುದ್ಧಿಗೆ ಕೈ ಮುಗಿಯಬೇಕು. ಚಾದಂಗಡಿಯಲ್ಲಿ ಅವತ್ತು ಯಾರೂ ಮಾತಾಡಲಿಲ್ಲ. ಮಿರ್ಚಿ ಕಡಿದರು, ಒಗ್ಗರಣೆ ತಿಂದರು, ಎದ್ದು ಹೋದರು. ಆರಿಸಿದ್ದು ನಾವೇ ತಾನೇ.

ದೆಹಲಿಯ ಸಂಗತಿ ಇದಕ್ಕಿಂತ ಭಿನ್ನ ಎಂದುಕೊಳ್ಳಬೇಡಿ, ಉಲ್ಟಾ ಅಷ್ಟೇ. ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಆರಿಸುವುದು ನ್ಯಾಯಮೂರ್ತಿಗಳೇ. ಸರ್ಕಾರಕ್ಕೂ ಅದರಲ್ಲಿ ಕೈ ಇರಲಿ ಎಂದು ತಂದ ಕಾನೂನನ್ನು 2015ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೇ ಹರಿದು ಹಾಕಿತು. ಸರಿ, ಸರ್ಕಾರ ಸೇಡು ತೀರಿಸಿಕೊಳ್ಳುವುದು ಹೇಗೆ? ಫೈಲಿನ ಮೇಲೆ ಕೂತು. ಕರ್ನಾಟಕ ಹೈಕೋರ್ಟಿಗೆ ವಕೀಲ ನಾಗೇಂದ್ರ ರಾಮಚಂದ್ರ ನಾಯ್ಕ ಅವರ ಹೆಸರನ್ನು ಆರಿಸುವ ನ್ಯಾಯಮೂರ್ತಿಗಳ ಕೂಟ, ಅಂದರೆ ಕೊಲಿಜಿಯಂ, 2019ರಲ್ಲಿ ಕಳಿಸಿತು. ಸರ್ಕಾರ ವಾಪಸ್ ಮಾಡಿತು. ಮತ್ತೆ ಕಳಿಸಿತು. 2023ರ ಜನವರಿಯಲ್ಲಿ ಮೂರನೇ ಸಲ ಒತ್ತಿ ಹೇಳಿತು. ಹಿರಿಯ ವಕೀಲ ಆದಿತ್ಯ ಸೋಂಧಿಯವರ ಹೆಸರು ಎರಡು ಸಲ ಹೋಯಿತು. ಕಾದು ಕಾದು, 2022ರಲ್ಲಿ ಅವರೇ ಬೇಡ ಎಂದರು. ಇಲ್ಲಿ ಸರ್ಕಾರ ಜಡ್ಜನ್ನು ಕೇಳುವುದಿಲ್ಲ, ಅಲ್ಲಿ ಜಡ್ಜು ಸರ್ಕಾರವನ್ನು ಕೇಳುವುದಿಲ್ಲ. ಎರಡೂ ಕಡೆ ನಮ್ಮನ್ನಂತೂ ಯಾರೂ ಕೇಳುವುದಿಲ್ಲ.

ಕಾಲಚಕ್ರಕ್ಕೂ ಒಂದು ತಮಾಷೆ ಗೊತ್ತಿದೆ. ಲೋಕಾಯುಕ್ತ ಪೊಲೀಸರ ಹಲ್ಲು ಕಿತ್ತಿದ್ದ ಸಿದ್ದರಾಮಯ್ಯನವರು 2024ರ ನವೆಂಬರ್ 6ರಂದು ಮೈಸೂರಿನಲ್ಲಿ ಅದೇ ಲೋಕಾಯುಕ್ತ ಪೊಲೀಸರ ಮುಂದೆ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ ನಿವೇಶನಗಳ ವಿಚಾರಣೆಗೆ ಕೂತರು. ನೋಡಿ, ಮತ್ತೆ ನಿವೇಶನ. ಈ ರಾಜ್ಯದ ರಾಜಕೀಯ ಇತಿಹಾಸವನ್ನು ಯಾರಾದರೂ ಬರೆಯುವುದಿದ್ದರೆ ಅಧ್ಯಾಯ ಎಣಿಸಬೇಡಿ, ಸೈಟು ನಂಬರ್ ಹಾಕಿ. ಸಾಕ್ಷ್ಯ ಸಿಗಲಿಲ್ಲ ಎಂದು 2025ರ ಫೆಬ್ರವರಿಯಲ್ಲಿ ಆ ಪೊಲೀಸರು ಹೇಳಿದರು. ಹಲ್ಲು ಹೊಸದಾಗಿ ಕಟ್ಟಿಸಿದ್ದು, ಗಟ್ಟಿ ಕಡಿಯಲು ಬರಲಿಲ್ಲವೇನೋ.

ಈಗ ಒಂದು ಕೂಡುವ ಲೆಕ್ಕ. ಲೋಕಾಯುಕ್ತರ ಕುರ್ಚಿ 2011ರ ಸೆಪ್ಟೆಂಬರ್‌ನಿಂದ 2013ರ ಫೆಬ್ರವರಿವರೆಗೆ ಖಾಲಿ. 2015ರ ಡಿಸೆಂಬರ್‌ನಿಂದ 2017ರ ಜನವರಿವರೆಗೆ ಖಾಲಿ. ಶೆಟ್ಟರ ಅವಧಿ ಮುಗಿದ 2022ರ ಜನವರಿಯಿಂದ, ಬಿ.ಎಸ್. ಪಾಟೀಲರು ಪ್ರಮಾಣವಚನ ಸ್ವೀಕರಿಸಿದ ಜೂನ್‌ವರೆಗೆ ಖಾಲಿ. ಕೂಡಿಸಿದರೆ ಹತ್ತಿರ ಹತ್ತಿರ ಮೂರು ವರ್ಷ. ಅವಧಿ ಯಾವಾಗ ಮುಗಿಯುತ್ತದೆ ಎಂಬುದು ಕೂತ ದಿನವೇ ಗೊತ್ತಿದ್ದರೂ ಮೂರನೇ ಸಲ ಖಾಲಿಯಾಯಿತು.

ಶಾಸಕರ ಕುರ್ಚಿಗೆ ಹೀಗಾಗುವುದಿಲ್ಲ. ಅದು ತೆರವಾದರೆ ಆರು ತಿಂಗಳೊಳಗೆ ಚುನಾವಣೆ ನಡೆಸಬೇಕೆಂದು ಕಾನೂನಿದೆ. ನಮ್ಮ ಪಕ್ಕದ ಸಂಡೂರನ್ನೇ ನೋಡಿ. 2024ರ ಜೂನ್‌ನಲ್ಲಿ ಅಲ್ಲಿನ ಶಾಸಕ ತುಕಾರಾಂ ಲೋಕಸಭೆಗೆ ಹೋದರು. ನವೆಂಬರ್ 13ಕ್ಕೆ ಮತದಾನ ಮುಗಿಯಿತು, 23ಕ್ಕೆ ಎಣಿಕೆಯೂ ಮುಗಿಯಿತು. ಗೆದ್ದವರು ಅವರ ಹೆಂಡತಿ.